ಗುಮ್ಮಟದ ಬುಡದಲ್ಲಿ ನೋಡಬೇಕಾದದ್ದು

ಗುಮ್ಮಟವೆಂದರೆ ತನ್ನ ಭಾರಕ್ಕೆ ತಾನೇ ಬುಡದಲ್ಲಿ ಬಿಚ್ಚಿಕೊಳ್ಳಲು ಹವಣಿಸುವ ಚಾವಣಿ. ನೆತ್ತಿಯ ಹತ್ತಿರದ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ಬಿಗಿಯಾಗಿ ಕೂರುತ್ತವೆ, ಅಲ್ಲಿ ಅಪಾಯ ಕಡಿಮೆ. ಕೆಳಗಿಳಿದಂತೆ ಮೇಲಿನ ಭಾರವೆಲ್ಲ ಓರೆಯಾಗಿ ಬಂದು ಬುಡವನ್ನು ಹೊರಕ್ಕೆ ತಳ್ಳುತ್ತದೆ. ಅರ್ಧಗೋಳದಂತಹ ತೆಳುವಾದ ಗುಮ್ಮಟದಲ್ಲಿ ನೆತ್ತಿಯಿಂದ ಸುಮಾರು 52 ಡಿಗ್ರಿ ಇಳಿಯುವವರೆಗೆ ಸುತ್ತುವರಸೆಗಳಲ್ಲಿ ಒತ್ತಡವಿರುತ್ತದೆ, ಅಲ್ಲಿಂದ ಕೆಳಗೆ ಎಳೆತ ಶುರುವಾಗುತ್ತದೆ ಎನ್ನುತ್ತದೆ ಲೆಕ್ಕ. ಕಲ್ಲು, ಇಟ್ಟಿಗೆ, ಗಾರೆ ಮೂರೂ ಒತ್ತಡವನ್ನು ಚೆನ್ನಾಗಿ ತಾಳುತ್ತವೆ, ಎಳೆತವನ್ನು ತಾಳಲಾರವು. ಬೇಲೂರು, ಹಳೇಬೀಡುಗಳಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಇಟ್ಟ ದೇವಸ್ಥಾನಗಳಲ್ಲಿ ಭಾರ ನೇರವಾಗಿ ನೆಲಕ್ಕಿಳಿಯುತ್ತದೆ, ಈ ತೊಂದರೆ ಇಲ್ಲ. ಆದರೆ ಅಲ್ಲಿ ಕಂಬಗಳ ಕಾಡಿಲ್ಲದೆ ದೊಡ್ಡ ಅಂಕಣ ಸಾಧ್ಯವಾಗದು. ನಡುವೆ ಒಂದೂ ಕಂಬವಿಲ್ಲದೆ ನಲವತ್ತು ಮೀಟರ್ ಅಗಲದ ಜಾಗಕ್ಕೆ ಮಾಡು ಹೊದಿಸಬೇಕೆಂದರೆ, ಉಕ್ಕು ಬರುವುದಕ್ಕೆ ಮುಂಚೆ, ಗುಮ್ಮಟವೇ ಗತಿಯಾಗಿತ್ತು.

ರಜೆಯಲ್ಲಿ ನಾಲ್ಕಾರು ದೇಶ ಸುತ್ತಿ ಬರುವ ಕನ್ನಡಿಗರ ಪಟ್ಟಿಯಲ್ಲಿ ರೋಮ್, ಫ್ಲಾರೆನ್ಸ್, ಇಸ್ತಾಂಬುಲ್, ಲಂಡನ್ ಈಗ ಮಾಮೂಲಿ. ಇಟಲಿಗೆ ಶೆಂಗೆನ್ ವೀಸಾ, ಬ್ರಿಟನ್ನಿಗೆ ಬೇರೆ, ಟರ್ಕಿಗೆ ಇನ್ನೊಂದು ಎಂದು ಅಲೆದು, ದುಡ್ಡು ಸುರಿದು ಹೋದವರಿಗೆ ದಿನಕ್ಕೆರಡು ಚರ್ಚು, ಒಂದು ಮಸೀದಿ, ಒಂದು ಅರಮನೆ ತೋರಿಸಲಾಗುತ್ತದೆ. ಮೂರನೆಯ ದಿನಕ್ಕೆ ಎಲ್ಲವೂ ಕಲಸಿಹೋಗುತ್ತವೆ. ಇಷ್ಟೊಂದು ಕಟ್ಟಡಗಳಲ್ಲಿ ಏನನ್ನು ನೋಡಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುವುದು ಇದಕ್ಕೇ. ರೋಮನೆಸ್ಕ್, ಗೋಥಿಕ್, ಬರೋಕ್ ಎಂದು ಶೈಲಿಗಳ ಹೆಸರು ಉರುಹೊಡೆಯುವುದರಿಂದ ದೊಡ್ಡ ಲಾಭವಿಲ್ಲ. ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಊರಿಂದೂರಿಗೆ ಹೋಗುವುದು ಮೇಲು. ಈ ನಾಲ್ಕು ಊರುಗಳಿಗೂ ಒಪ್ಪುವ ಪ್ರಶ್ನೆ ಹೀಗಿದೆ: ಹೊರಕ್ಕೆ ಜಾರುವ ಗುಮ್ಮಟದ ಬುಡವನ್ನು ಇಲ್ಲಿ ಹಿಡಿದು ನಿಲ್ಲಿಸಿರುವುದು ಯಾವುದು? ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಕಣ್ಣೂ ನೆತ್ತಿಗೆ ಹೋಗುತ್ತದೆ. ಕಣ್ಣನ್ನು ಅಲ್ಲಿಂದ ಇಳಿಸಿ ಗುಮ್ಮಟವೂ ಗೋಡೆಯೂ ಸೇರುವ ಜಾಗದಲ್ಲಿ ನಿಲ್ಲಿಸಿದರೆ ಉತ್ತರ ಸಿಗುತ್ತದೆ. ಪ್ರತಿ ಊರಿನ ಉತ್ತರವೂ ಬೇರೆ, ಪ್ರತಿಯೊಂದಕ್ಕೂ ಹಿಂದಿನವರ ಅನುಭವದ ಋಣವಿದೆ.

ಮೊದಲ ಉತ್ತರ ರೋಮ್ ನಗರದ ಪ್ಯಾಂಥಿಯನ್. ಮುಂಭಾಗದಲ್ಲಿ ರೋಮನ್ ಸೇನಾನಿ ಅಗ್ರಿಪ್ಪನ ಹೆಸರು ಕೊರೆದಿದೆಯಾದರೂ ಅವನು ಕಟ್ಟಿಸಿದ್ದು ಸುಟ್ಟುಹೋಯಿತು. ಈಗ ನಿಂತಿರುವುದು ಕ್ರಿ.ಶ. 125ರ ಆಸುಪಾಸಿನಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಮುಗಿದದ್ದು. ಒಳಗಿನ ಅಗಲ 43 ಮೀಟರ್‌ಗೆ ತುಸು ಹೆಚ್ಚು. ನೆಲದಿಂದ ನೆತ್ತಿಯ ಎತ್ತರವೂ ಅಷ್ಟೇ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಇದಕ್ಕಿಂತ ದೊಡ್ಡದು ಇಂದಿಗೂ ಜಗತ್ತಿನಲ್ಲಿಲ್ಲ. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿ ಕಲಸಿದ ಆ ಕಾಂಕ್ರೀಟಿಗೆ ಹಾಕಿದ ಜಲ್ಲಿ ಎಲ್ಲ ಕಡೆ ಒಂದೇ ಅಲ್ಲ. ಬುಡದಲ್ಲಿ ಭಾರದ ಕಲ್ಲು, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಹಗುರವಾದ ಕಲ್ಲು, ನೆತ್ತಿಯ ಬಳಿ ನೀರಿನಲ್ಲಿ ತೇಲುವಷ್ಟು ಹಗುರವಾದ ಪ್ಯೂಮಿಸ್. ಗುಮ್ಮಟದ ದಪ್ಪ ಬುಡದಲ್ಲಿ ಆರು ಮೀಟರ್ ದಾಟುತ್ತದೆ, ನೆತ್ತಿಯ ಕಂಡಿಯ ಅಂಚಿನಲ್ಲಿ ಸುಮಾರು 1.2 ಮೀಟರ್‌ಗೆ ಇಳಿಯುತ್ತದೆ. ಒಳಮೈಯಲ್ಲಿ ಸಾಲಿಗೆ 28ರಂತೆ ಐದು ಸಾಲು ಚೌಕದ ಗುಳಿಗಳಿವೆ. ನಡುನೆತ್ತಿಯಲ್ಲಿ ಎಂಟೊಂಬತ್ತು ಮೀಟರ್ ಅಗಲದ ಕಂಡಿ ಆಕಾಶಕ್ಕೆ ತೆರೆದೇ ಇದೆ. ಮಳೆ ಒಳಗೇ ಸುರಿಯುತ್ತದೆ. ನಡುವೆ ತುಸು ಉಬ್ಬಿಸಿದ ನೆಲದಿಂದ ಜಾರಿ, ಅಮೃತಶಿಲೆಯ ಹಾಸಿನಲ್ಲಿ ಕೊರೆದ ರಂಧ್ರಗಳಲ್ಲಿ ಇಂಗಿಹೋಗುತ್ತದೆ.

ಮೇಲೆ ಹಗುರ, ಕೆಳಗೆ ಭಾರ ಎಂಬುದೇ ರೋಮನ್ನರ ಉಪಾಯ. ಹೊರಕ್ಕೆ ಜಾರುವ ಬುಡದ ಮೇಲೆ ಇನ್ನಷ್ಟು ತೂಕ ಹೇರಿ ಅದನ್ನು ಕದಲದಂತೆ ಮಾಡಿದರು. ಒಳಗಿನಿಂದ ಪೂರ್ತಿ ಅರ್ಧಗೋಳವಾಗಿ ಕಾಣುವ ಗುಮ್ಮಟ ಹೊರಗಿನಿಂದ ಕವುಚಿಟ್ಟ ಆಳವಿಲ್ಲದ ತಟ್ಟೆಯಷ್ಟೇ ಕಾಣುವುದಕ್ಕೆ ಕಾರಣ ಇದು. ಹೊರಗೋಡೆಯನ್ನು ಗುಮ್ಮಟದ ಹೆಗಲು ಮುಚ್ಚುವವರೆಗೆ ಎತ್ತರಿಸಿದ್ದಾರೆ, ಅದರ ಮೇಲೂ ಮೆಟ್ಟಿಲು ಮೆಟ್ಟಿಲಾಗಿ ಉಂಗುರಗಳನ್ನು ಪೇರಿಸಿದ್ದಾರೆ. ಪ್ರವಾಸಿಗಳು ಮುಂದಿನ ಚೌಕದಲ್ಲಿ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಪಕ್ಕದ ಓಣಿ ಹಿಡಿದು ಹಿಂದಕ್ಕೆ ನಡೆದವರಿಗೆ ಮಾತ್ರ ಆರು ಮೀಟರ್ ದಪ್ಪದ ಗೋಡೆಯ ಇಟ್ಟಿಗೆಯಲ್ಲಿ ಹುದುಗಿಸಿದ ದೊಡ್ಡ ಕಮಾನುಗಳು ಕಾಣುತ್ತವೆ. ಗುಮ್ಮಟದ ಭಾರವನ್ನು ಗೋಡೆಯೊಳಗಿನ ಪೊಳ್ಳು ಜಾಗಗಳ ಆಚೀಚೆ ದಾಟಿಸುವ ಕಮಾನುಗಳವು. ಇಷ್ಟೆಲ್ಲ ಮಾಡಿಯೂ ಎಳೆತ ತನ್ನ ಕೆಲಸ ಮಾಡದೆ ಬಿಟ್ಟಿಲ್ಲ, ಗುಮ್ಮಟದ ಕೆಳಭಾಗದಲ್ಲಿ ಮೇಲಿಂದ ಕೆಳಕ್ಕೆ ಬಿರುಕುಗಳಿವೆ. ಬಿರುಕು ಬಿಟ್ಟ ಮೇಲೆ ಆ ಭಾಗ ಸುತ್ತಲೂ ನಿಲ್ಲಿಸಿದ ಕಮಾನುಗಳ ಸಾಲಿನಂತೆ ಭಾರ ಹೊರುತ್ತಿದೆ, ದಪ್ಪ ಗೋಡೆ ಆ ಕಮಾನುಗಳಿಗೆ ಆನಿಕೆಯಾಗಿದೆ. 609ರಲ್ಲಿ ಚರ್ಚಾಗಿ ಬದಲಾದ ಕಾರಣ ಕಟ್ಟಡ ಯಾರ ಕಲ್ಲುಗಣಿಯೂ ಆಗದೆ ಉಳಿಯಿತು. ಚಿತ್ರಕಾರ ರಾಫೆಲ್‌ನ ಸಮಾಧಿ ಇರುವುದು ಇಲ್ಲಿಯೇ. 2023ರಿಂದ ಪ್ರವಾಸಿಗಳು ಟಿಕೆಟ್ ಕೊಳ್ಳಬೇಕು.

ಪ್ಯಾಂಥಿಯನ್ ದುಂಡು ಕೋಣೆಯ ಮೇಲೆ ಕೂತ ದುಂಡು ಚಾವಣಿ. ಜನ ಸೇರುವ ಕೋಣೆ ಚೌಕವಾಗಿದ್ದರೆ ಏನು ಮಾಡುವುದು? ಚೌಕದ ನಾಲ್ಕು ಬದಿಯ ಮಧ್ಯಭಾಗವನ್ನು ವೃತ್ತ ಮುಟ್ಟುತ್ತದೆ, ನಾಲ್ಕು ಮೂಲೆಗಳು ಮಾತ್ರ ಬರಿದಾಗಿ ಉಳಿಯುತ್ತವೆ. ಇಸ್ತಾಂಬುಲ್ ನಗರದ ಹಾಗಿಯಾ ಸೋಫಿಯಾ ಇದಕ್ಕೆ ಕೊಟ್ಟ ಉತ್ತರ ಪೆಂಡೆಂಟಿವ್, ಅಂದರೆ ನಾಲ್ಕು ಮೂಲೆಯ ಕಂಬಗಳಿಂದ ಎದ್ದು, ಮೇಲೇರಿದಂತೆ ಅಗಲವಾಗುತ್ತ ಒಳಕ್ಕೆ ಬಾಗಿ, ನಾಲ್ಕೂ ಸೇರಿ ಒಂದು ಉಂಗುರವಾಗುವ ಬಾಗು ತ್ರಿಕೋನಗಳು. ಈ ಉಪಾಯ ಅದಕ್ಕೂ ಮುಂಚೆ ಸಣ್ಣ ಕಟ್ಟಡಗಳಲ್ಲಿ ಬಳಕೆಯಾಗಿತ್ತು. ಮೂವತ್ತೊಂದು ಮೀಟರ್ ಅಗಲದ ಗುಮ್ಮಟಕ್ಕೆ ಅದನ್ನು ಬಳಸುವ ಎದೆಗಾರಿಕೆ ತೋರಿದವರು ಟ್ರಾಲಿಸ್ ಊರಿನ ಆಂಥೆಮಿಯಸ್ ಮತ್ತು ಮಿಲೆಟಸ್ ಊರಿನ ಇಸಿಡೋರ್. ಇಬ್ಬರೂ ಗಣಿತ ಬಲ್ಲವರು. 532ರ ದಂಗೆಯಲ್ಲಿ ಹಳೆಯ ಚರ್ಚು ಸುಟ್ಟುಹೋದ ಮೇಲೆ ಜಸ್ಟಿನಿಯನ್ ಚಕ್ರವರ್ತಿ ಕೆಲಸ ಶುರುಮಾಡಿಸಿದ, 537ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಅಷ್ಟು ದೊಡ್ಡ ಕಟ್ಟಡ ಆರು ವರ್ಷದೊಳಗೆ ಎದ್ದುನಿಂತಿತು.

ಆ ಅವಸರದ ಬೆಲೆಯನ್ನು ಕಟ್ಟಡವೇ ತೆತ್ತಿತು. ಇಟ್ಟಿಗೆಗಳ ನಡುವೆ ಇಟ್ಟಿಗೆಯಷ್ಟೇ ದಪ್ಪಕ್ಕೆ ಗಾರೆ ಹಾಕಿದ್ದರು. ಸುಣ್ಣದ ಗಾರೆ ನಿಧಾನವಾಗಿ ಗಟ್ಟಿಯಾಗುವ ವಸ್ತು. ಅದು ಬಲಿಯುವುದರೊಳಗೆ ಮೇಲಿನ ಭಾರ ಬಿತ್ತು, ಕಂಬಗಳೂ ಕಮಾನುಗಳೂ ಹೊರಕ್ಕೆ ವಾಲಿದವು. ಭೂಕಂಪಗಳು ಅದನ್ನು ಇನ್ನಷ್ಟು ಸಡಿಲಿಸಿದವು, 558ರಲ್ಲಿ ಗುಮ್ಮಟ ಕುಸಿಯಿತು. ಮೊದಲಿನದು ತೀರ ಚಪ್ಪಟೆಯಾಗಿತ್ತು. ಚಪ್ಪಟೆಯಾದಷ್ಟೂ ಹೊರಕ್ಕೆ ತಳ್ಳುವ ಬಲ ಹೆಚ್ಚು. ಇಸಿಡೋರನ ಸೋದರನ ಮಗ, ಅವನ ಹೆಸರೂ ಇಸಿಡೋರ್, ಸುಮಾರು ಆರು ಮೀಟರ್ ಎತ್ತರಿಸಿ ಮತ್ತೆ ಕಟ್ಟಿದ. ಅದು 562ರಲ್ಲಿ ಮುಗಿಯಿತು. 989ರಲ್ಲಿ ಪಶ್ಚಿಮದ ಭಾಗ, 1346ರಲ್ಲಿ ಪೂರ್ವದ ಭಾಗ ಬಿದ್ದು ಮತ್ತೆ ಕಟ್ಟಲಾಯಿತು. ಹೀಗೆ ಇಂದು ಕಾಣುವ ಗುಮ್ಮಟ ಮೂರು ಬೇರೆ ಬೇರೆ ಕಾಲದ ತುಂಡುಗಳ ಜೋಡಣೆ, ಪೂರ್ತಿ ವೃತ್ತವೂ ಅಲ್ಲ.

ಹಾಗಾದರೆ ಇಲ್ಲಿ ಬುಡವನ್ನು ಹಿಡಿದಿರುವುದು ಯಾವುದು? ಪೂರ್ವ ಪಶ್ಚಿಮಗಳಲ್ಲಿ ಎರಡು ಅರ್ಧಗುಮ್ಮಟಗಳು ದೊಡ್ಡ ಗುಮ್ಮಟಕ್ಕೆ ಒರಗಿ ನಿಂತಿವೆ, ಅವುಗಳಿಗೆ ಇನ್ನೂ ಚಿಕ್ಕ ಅರ್ಧಗುಮ್ಮಟಗಳು ಒರಗಿವೆ. ತಳ್ಳು ಮೆಟ್ಟಿಲಿಳಿದಂತೆ ನೆಲಕ್ಕೆ ಬರುತ್ತದೆ. ಉತ್ತರ ದಕ್ಷಿಣಗಳಲ್ಲಿ ಅಂಥ ಆಸರೆಯಿಲ್ಲ. ಅಲ್ಲಿರುವುದು ಕಿಟಕಿ ತುಂಬಿದ ತೆಳುಗೋಡೆ ಮತ್ತು ಅದರ ಆಚೀಚೆಯ ದಪ್ಪ ಆನಿಕೆಗಳು ಮಾತ್ರ. ಕಟ್ಟಡ ಮುಖ್ಯವಾಗಿ ಹೊರಕ್ಕೆ ವಾಲಿರುವುದು ಆ ದಿಕ್ಕಿನಲ್ಲೇ. ಗುಮ್ಮಟದ ಬುಡದಲ್ಲಿ ಸುತ್ತಲೂ ನಲವತ್ತು ಕಿಟಕಿಗಳನ್ನು ತೆರೆದಿದ್ದಾರೆ. ಬೆಳಕು ಅಲ್ಲಿಂದ ನುಗ್ಗುವುದರಿಂದ ಗುಮ್ಮಟಕ್ಕೆ ಆಧಾರವೇ ಇಲ್ಲದಂತೆ ತೋರುತ್ತದೆ. ಇದನ್ನು ಬರೀ ಕಣ್ಕಟ್ಟು ಎಂದರೆ ತಪ್ಪಾದೀತು. ಬಿರುಕು ಬಿಡುವುದು ಹೇಗೂ ಆ ಬುಡದ ಭಾಗದಲ್ಲಿಯೇ. ಅಲ್ಲಿ ಮೊದಲೇ ಕಿಟಕಿ ಬಿಟ್ಟರೆ ಬಿರುಕಿಗೆ ಸೀಳಲು ಗೋಡೆಯೇ ಇರುವುದಿಲ್ಲ, ಕಿಟಕಿಗಳ ನಡುವಿನ ಗಿಡ್ಡ ಆನಿಕೆಗಳು ಭಾರವನ್ನು ಕೆಳಕ್ಕೆ ದಾಟಿಸುತ್ತವೆ.

1453ರಲ್ಲಿ ಮಸೀದಿ, 1930ರ ದಶಕದಲ್ಲಿ ಮ್ಯೂಸಿಯಂ, 2020ರಲ್ಲಿ ಮತ್ತೆ ಮಸೀದಿಯಾದ ಈ ಕಟ್ಟಡದಲ್ಲಿ ವಿದೇಶಿ ಪ್ರವಾಸಿಗಳನ್ನು 2024ರಿಂದ ಮಹಡಿಯ ಮೊಗಸಾಲೆಗೆ ಮಾತ್ರ ಬಿಡುತ್ತಾರೆ, ಅದಕ್ಕೆ ದುಬಾರಿ ಟಿಕೆಟ್ಟೂ ಇದೆ. ಕೆಳಗಿನ ಅಂಗಣದಲ್ಲಿ ನಿಲ್ಲಲಾಗಲಿಲ್ಲವೆಂದು ಹಲವರು ಬೇಸರಪಡುತ್ತಾರೆ. ಬುಡ ನೋಡಲು ಬಂದವರಿಗೆ ಮಾತ್ರ ಮೊಗಸಾಲೆಯೇ ಸರಿಯಾದ ಜಾಗ. ಅಲ್ಲಿ ಕಂಬಗಳ ಸಾಲನ್ನು ಉದ್ದಕ್ಕೆ ನೋಡಿದರೆ ಅವು ಹೊರಗೆ ವಾಲಿರುವುದು ಬರಿಗಣ್ಣಿಗೇ ತಿಳಿಯುತ್ತದೆ. ಸಾವಿರದೈನೂರು ವರ್ಷಗಳ ತಳ್ಳಾಟದ ಗುರುತು ಇಷ್ಟು ಸ್ಪಷ್ಟವಾಗಿ ಕಾಣಸಿಗುವ ಕಟ್ಟಡ ಬೇರೊಂದಿಲ್ಲ ಎಂದೇ ಹೇಳಬೇಕು. ಹೊರಗೆ ಬಂದ ಮೇಲೆ ಸುತ್ತ ಕಾಣುವ ಒರಟು ಆನಿಕೆಗೋಡೆಗಳು ಕಾಲಕಾಲಕ್ಕೆ ಕಟ್ಟಿದ ಊರುಗೋಲುಗಳು. ಹದಿನಾರನೆಯ ಶತಮಾನದಲ್ಲಿ ಅದನ್ನು ಬಲಪಡಿಸಿದವರಲ್ಲಿ ಆಟೊಮನ್ ದೊರೆಗಳ ಮುಖ್ಯ ವಾಸ್ತುಶಿಲ್ಪಿ ಸಿನಾನ್ ಒಬ್ಬ.

ದುರಸ್ತಿ ಮಾಡುತ್ತ ಹಾಗಿಯಾ ಸೋಫಿಯಾದ ಕಷ್ಟಸುಖ ಅರಿತ ಸಿನಾನ್ ತನ್ನ ಮಸೀದಿಗಳಲ್ಲಿ ಅದನ್ನು ತಿದ್ದುತ್ತ ಹೋದ. 1557ರಲ್ಲಿ ಮುಗಿದ ಸುಲೇಮಾನಿಯೆ ಮಸೀದಿಯಲ್ಲೂ ಅದೇ ನಕ್ಷೆ, ದೊಡ್ಡ ಗುಮ್ಮಟಕ್ಕೆ ಎರಡು ಅರ್ಧಗುಮ್ಮಟ. ಆದರೆ ಉತ್ತರ ದಕ್ಷಿಣದ ಆನಿಕೆಗಳನ್ನು ಅವನು ಗೋಡೆಯೊಳಗೂ ಮೊಗಸಾಲೆಯ ಸಾಲಿನಲ್ಲೂ ಸೇರಿಸಿಬಿಟ್ಟ. ಊರುಗೋಲು ಎಲ್ಲಿದೆಯೆಂದು ಹುಡುಕಬೇಕು. ಗುಡ್ಡದ ಮೇಲಿನ ಆ ಮಸೀದಿಗೆ ಪ್ರವೇಶಶುಲ್ಕವಿಲ್ಲ, ನಮಾಜಿನ ಹೊತ್ತು ಬಿಟ್ಟು ಯಾರಾದರೂ ಹೋಗಬಹುದು. ಸಮಯವಿದ್ದವರು ಇಸ್ತಾಂಬುಲಿನಿಂದ ಬಸ್ಸಿನಲ್ಲಿ ಎಡಿರ್ನೆಗೆ ಹೋಗಿ ಸೆಲಿಮಿಯೆ ಮಸೀದಿ ನೋಡುವುದು ಒಳ್ಳೆಯದು. ಎಪ್ಪತ್ತು ದಾಟಿದ ಮೇಲೆ ಸಿನಾನ್ ಕೈಹಾಕಿದ ಕೆಲಸವದು. ಅಲ್ಲಿ ನಾಲ್ಕು ಕಂಬ ಬಿಟ್ಟು ಎಂಟು ಕಂಬಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸಿ, ಹಾಗಿಯಾ ಸೋಫಿಯಾದಷ್ಟೇ ಅಗಲದ ಗುಮ್ಮಟವನ್ನು ಕೂರಿಸಿದ್ದಾನೆ. ಭಾರ ಎಂಟು ಕಡೆ ಹಂಚಿಹೋಗುವುದರಿಂದ ಮೂಲೆಗಳ ಬಾಗು ತ್ರಿಕೋನಗಳೂ ಬೇಕಿಲ್ಲ, ದೊಡ್ಡ ಅರ್ಧಗುಮ್ಮಟಗಳೂ ಬೇಕಿಲ್ಲ. ಇಸ್ತಾಂಬುಲಿನಲ್ಲಿ ಪ್ರವಾಸಿಗಳು ಹೆಚ್ಚು ಮುಗಿಬೀಳುವ ನೀಲಿ ಮಸೀದಿ ಸಿನಾನ್ ತೀರಿಕೊಂಡು ಎರಡು ದಶಕಗಳ ನಂತರ ಶುರುವಾದದ್ದು. ಅದರ ಹೆಂಚುಗಳ ಅಂದಕ್ಕೆ ಕೊರತೆಯಿಲ್ಲ, ಆದರೆ ಕಟ್ಟೋಣದ ಮಟ್ಟಿಗೆ ಅಲ್ಲಿ ಹೊಸ ವಿಚಾರ ಕಡಿಮೆ. ಒಂದೇ ದಿನವಿರುವವರು ಸುಲೇಮಾನಿಯೆಯನ್ನು ಬಿಡಬಾರದು.

ಫ್ಲಾರೆನ್ಸಿನ ಕಥೆ ಶುರುವಾಗುವುದು ಒಂದು ತೂತಿನಿಂದ. 1296ರಲ್ಲಿ ಆರಂಭವಾದ ಸಾಂತಾ ಮರಿಯಾ ದೆಲ್ ಫಿಯೋರೆ ಚರ್ಚಿನ ಗೋಡೆಗಳು ಎದ್ದಿದ್ದವು. ನಡುವೆ ಎಂಟು ಮೂಲೆಯ, ಸುಮಾರು 45 ಮೀಟರ್ ಅಗಲದ ಜಾಗವನ್ನು ಮಾತ್ರ ಮುಚ್ಚುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ಗುಮ್ಮಟ ಮುಗಿಯುವವರೆಗೆ ಅದನ್ನು ಹೊರಲು ಕೆಳಗಿನಿಂದ ಮರದ ಸೆಂಟ್ರಿಂಗ್ ಬೇಕು. ಆ ಅಗಲಕ್ಕೂ ಆ ಎತ್ತರಕ್ಕೂ ಸಾಲುವ ಮರ ಹೊಂದಿಸುವುದು ಅಸಾಧ್ಯವಾಗಿತ್ತು. ಗೋಡೆಗೆ ಹೊರಗಿನಿಂದ ಊರುಗೋಲು ಕೊಡುವುದು ಊರಿನವರಿಗೆ ಒಪ್ಪಿಗೆಯಿರಲಿಲ್ಲ. 1418ರಲ್ಲಿ ಸ್ಪರ್ಧೆ ಕರೆದರು. ಸೆಂಟ್ರಿಂಗೇ ಇಲ್ಲದೆ ಕಟ್ಟುತ್ತೇನೆಂದು ಮುಂದೆ ಬಂದವನು ಅಕ್ಕಸಾಲಿಗನಾಗಿ ಕೆಲಸ ಕಲಿತಿದ್ದ ಫಿಲಿಪ್ಪೊ ಬ್ರುನೆಲೆಸ್ಕಿ. 1420ರಲ್ಲಿ ಶುರುವಾದ ಕೆಲಸ 1436ರಲ್ಲಿ ಮುಗಿಯಿತು. ನಲವತ್ತು ಲಕ್ಷ ದಾಟಿದ ಇಟ್ಟಿಗೆಗಳು ಹಿಡಿದವು. ಭಾರ ಎತ್ತಲು ಅವನು ರೂಪಿಸಿದ ಯಂತ್ರದಲ್ಲಿ ಎತ್ತುಗಳು ಒಂದೇ ದಿಕ್ಕಿಗೆ ಸುತ್ತುತ್ತಿದ್ದರೂ ಹಲ್ಲುಚಕ್ರ ಬದಲಿಸಿ ಹಗ್ಗವನ್ನು ಏರಿಸಬಹುದಿತ್ತು, ಇಳಿಸಲೂ ಬಹುದಿತ್ತು. ಪ್ರತಿ ಸಲ ಎತ್ತುಗಳನ್ನು ಬಿಚ್ಚಿ ತಿರುಗಿಸಿ ಕಟ್ಟುವ ಕೆಲಸ ಉಳಿಯಿತು.

ಸೆಂಟ್ರಿಂಗ್ ಇಲ್ಲದಿದ್ದರೆ ಒಳಕ್ಕೆ ಓರೆಯಾಗಿ ಇಟ್ಟ ಹಸಿ ಗಾರೆಯ ಇಟ್ಟಿಗೆ ಜಾರಿ ಬೀಳಬೇಕು. ಇಟ್ಟಿಗೆಗಳು ಬೀಳದಂತೆ ಬ್ರುನೆಲೆಸ್ಕಿ ಅಡ್ಡಡ್ಡ ಇಟ್ಟಿಗೆಗಳ ನಡುವೆ ಅಲ್ಲಲ್ಲಿ ನೆಟ್ಟಗೆ ನಿಲ್ಲಿಸಿದ ಇಟ್ಟಿಗೆಗಳನ್ನು ಸೇರಿಸಿದ. ಅವು ಕೆಳಗಿನ ಗಟ್ಟಿಯಾದ ವರಸೆಯನ್ನೂ ಮೇಲಿನ ಹೊಸ ವರಸೆಯನ್ನೂ ಒಟ್ಟಿಗೆ ಕಚ್ಚಿಕೊಳ್ಳುತ್ತವೆ. ಇಟಲಿಯವರು ಇದನ್ನು ಮೀನಿನ ಮುಳ್ಳಿನ ಜೋಡಣೆ ಎನ್ನುತ್ತಾರೆ. ಒಂದು ಸುತ್ತು ಪೂರ್ಣವಾದ ಕೂಡಲೇ ಅದು ಒಂದನ್ನೊಂದು ಒತ್ತಿಕೊಂಡ ಉಂಗುರವಾಗಿ ತಾನೇ ನಿಲ್ಲುತ್ತದೆ, ಮೇಸ್ತ್ರಿಗಳು ಅದರ ಮೇಲೆಯೇ ನಿಂತು ಮುಂದಿನ ಸುತ್ತು ಕಟ್ಟಬಹುದು. ಗುಮ್ಮಟ ಒಂದಲ್ಲ, ಎರಡು. ಒಳಗೆ ದಪ್ಪನೆಯದು, ಹೊರಗೆ ತೆಳುವಾದದ್ದು. ಎರಡನ್ನೂ ಅಡ್ಡಗೋಡೆಗಳು ಹಿಡಿದಿವೆ, ಹೀಗಾಗಿ ಭಾರ ಇಳಿಯಿತು. ಇನ್ನು ಬುಡದ ಪ್ರಶ್ನೆ. ಎತ್ತಿನ ಗಾಡಿಯ ಮರದ ಚಕ್ರ ಬಿಚ್ಚಿಕೊಳ್ಳದಂತೆ ಸುತ್ತಲೂ ಕಬ್ಬಿಣದ ಪಟ್ಟಿ ಹೊಡೆಯುವ ಹಾಗೆ, ಬ್ರುನೆಲೆಸ್ಕಿ ಮರಳುಗಲ್ಲಿನ ತೊಲೆಗಳನ್ನು ಕಬ್ಬಿಣದ ಕೊಂಡಿಗಳಿಂದ ಜೋಡಿಸಿ ಗೋಡೆಯೊಳಗೆ ಸುತ್ತುಪಟ್ಟಿಗಳನ್ನು ಹುದುಗಿಸಿದ. ಅದರ ಜೊತೆಗೆ ಮರದ್ದೂ ಒಂದು ಇದೆ. ಎಳೆತ ಬರುವ ಜಾಗದಲ್ಲಿ ಎಳೆತ ತಾಳುವ ವಸ್ತುವನ್ನು ಇಡುವುದೆಂದರೆ ಈಗಿನ ಕಾಂಕ್ರೀಟಿಗೆ ಕಬ್ಬಿಣದ ಸರಳು ಕಟ್ಟುವವರ ವಿಚಾರವೇ. ಹಾಗಿದ್ದೂ ಇಲ್ಲಿ ಬಿರುಕುಗಳು ಬಂದಿವೆ, ಅವುಗಳನ್ನು ಉಪಕರಣ ಇಟ್ಟು ಅಳೆಯುತ್ತಿದ್ದಾರೆ.

ಫ್ಲಾರೆನ್ಸಿನಲ್ಲಿ ಕೆಳಗಿನಿಂದ ನೋಡಿ ಬರುವುದು ಸಾಲದು, ಹತ್ತಬೇಕು. 463 ಮೆಟ್ಟಿಲು, ಲಿಫ್ಟ್ ಇಲ್ಲ, ಹೊತ್ತು ಗೊತ್ತುಮಾಡಿದ ಟಿಕೆಟ್ಟನ್ನು ಮೊದಲೇ ಕಾದಿರಿಸಬೇಕು. ಮೆಟ್ಟಿಲ ದಾರಿ ಎರಡು ಗುಮ್ಮಟಗಳ ನಡುವಿನ ಸಂದಿಯಲ್ಲೇ ಹೋಗುತ್ತದೆ. ಆ ಇಕ್ಕಟ್ಟಿನಲ್ಲಿ ಭುಜಕ್ಕೆ ತಾಗುವ ಇಟ್ಟಿಗೆಗಳಲ್ಲಿ ಮೀನಿನ ಮುಳ್ಳಿನ ಜೋಡಣೆ ಕಾಣುತ್ತದೆ. ಆರುನೂರು ವರ್ಷ ಹಿಂದಿನ ಗಾರೆ ಕೆಲಸವನ್ನು ಇಷ್ಟು ಹತ್ತಿರದಿಂದ, ಮೇಲೆ ಗಿಲಾವು ಇಲ್ಲದೆ ನೋಡಲು ಸಿಗುವುದು ಅಪರೂಪ. ನೆತ್ತಿ ತಲುಪುವ ಆತುರದಲ್ಲಿ ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ. ಹತ್ತಲಾಗದವರು ಹೊರಗಿನ ಚೌಕದಿಂದ ಗುಮ್ಮಟದ ಬುಡ ನೋಡಬಹುದು. ಎಂಟು ಬದಿಗಳಲ್ಲಿ ಒಂದಕ್ಕೆ ಮಾತ್ರ ಅಮೃತಶಿಲೆಯ ಮೊಗಸಾಲೆಯ ಅಲಂಕಾರವಿದೆ. ಮೈಕೆಲೆಂಜೆಲೊ ಅದನ್ನು ಆಡಿಕೊಂಡ ಮೇಲೆ ಕೆಲಸ ಅಲ್ಲಿಗೇ ನಿಂತಿತೆಂದು ಹೇಳುವುದುಂಟು. ಉಳಿದ ಬದಿಗಳಲ್ಲಿ ಬರಿಗಲ್ಲು ಹಾಗೆಯೇ ಇದೆ.

ಅದೇ ಮೈಕೆಲೆಂಜೆಲೊ ಮುಪ್ಪಿನಲ್ಲಿ ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚರ್ಚಿನ ಹೊಣೆ ಹೊತ್ತ. 1564ರಲ್ಲಿ ಅವನು ತೀರಿಕೊಂಡಾಗ ಗುಮ್ಮಟದ ಕೆಳಗಿನ ದುಂಡುಗೋಡೆಯಷ್ಟೇ ಎದ್ದಿತ್ತು. ಜಾಕೊಮೊ ದೆಲ್ಲಾ ಪೋರ್ತಾ ಮತ್ತು ಡೊಮೆನಿಕೊ ಫೊಂತಾನಾ 1588ರಿಂದ 1590ರ ನಡುವೆ ಗುಮ್ಮಟ ಮುಗಿಸಿದರು. ಅಗಲ ಸುಮಾರು 42 ಮೀಟರ್, ಶಿಲುಬೆಯ ತುದಿಗೆ ಎತ್ತರ 136 ಮೀಟರ್. ಕಟ್ಟುವಾಗಲೇ ಕಬ್ಬಿಣದ ಸುತ್ತುಪಟ್ಟಿ ಹಾಕಿದ್ದರೂ ಒಂದೂವರೆ ಶತಮಾನದಲ್ಲಿ ಬಿರುಕುಗಳು ಹೆಚ್ಚಿ ಗಾಬರಿ ಹುಟ್ಟಿತು. ಮುಂದೆ ನಡೆದದ್ದು ಕಟ್ಟೋಣದ ಚರಿತ್ರೆಯಲ್ಲಿ ದೊಡ್ಡ ತಿರುವು. 1742ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಕರೆಸಿದ್ದು ಮೇಸ್ತ್ರಿಗಳನ್ನಲ್ಲ, ಮೂವರು ಗಣಿತಜ್ಞರನ್ನು. ಲೆಕ್ಕ ಹಾಕಿ ಕಟ್ಟಡದ ಬಲಾಬಲ ಹೇಳುವ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಆಮೇಲೆ ಪಡುವಾದಿಂದ ಬಂದ ಜೊವಾನ್ನಿ ಪೊಲೇನಿ ಇನ್ನೊಂದು ದಾರಿ ಹಿಡಿದ. ಗುಮ್ಮಟದ ಒಂದೊಂದು ಭಾಗದ ತೂಕಕ್ಕೆ ತಕ್ಕ ಗುಂಡುಗಳನ್ನು ದಾರಕ್ಕೆ ಪೋಣಿಸಿ ತೂಗುಬಿಟ್ಟ. ತೂಗುವ ದಾರದಲ್ಲಿರುವುದು ಎಳೆತ ಮಾತ್ರ. ಆ ಗೆರೆಯನ್ನು ತಲೆಕೆಳಗು ಮಾಡಿದರೆ ಒತ್ತಡ ಮಾತ್ರ ಇರುವ ಕಮಾನಿನ ಗೆರೆ ಸಿಗುತ್ತದೆ. ತಲೆಕೆಳಗಾದ ಗೆರೆ ಗುಮ್ಮಟದ ದಪ್ಪದೊಳಗೇ ಹಾಯುವುದು ಕಂಡಿತು, ಅಂದರೆ ಬಿರುಕು ಬಿಟ್ಟರೂ ಗುಮ್ಮಟ ಬೀಳದು. ಆದರೂ ಬಿರುಕು ಮುಂದುವರಿಯದಿರಲೆಂದು ಐದು ಹೊಸ ಕಬ್ಬಿಣದ ಸುತ್ತುಪಟ್ಟಿ ಬಿಗಿಯಲು ಅವನು ಹೇಳಿದ, ಹಾಗೆಯೇ ಮಾಡಲಾಯಿತು. ಇಲ್ಲಿ ಹತ್ತಲು 551 ಮೆಟ್ಟಿಲು. ಚಾವಣಿಯವರೆಗೆ ಲಿಫ್ಟ್ ಇರುವುದರಿಂದ ವಯಸ್ಸಾದವರೂ ಗುಮ್ಮಟದ ಬುಡದವರೆಗೆ ಹೋಗಿ ನೋಡಬಹುದು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ.

ತೂಗುವ ಸರಪಳಿಯನ್ನು ತಿರುಗಿಸಿದರೆ ಕಮಾನು ಎಂಬ ವಿಚಾರ ಪೊಲೇನಿಗಿಂತ ಮುಂಚಿನದು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲಿ ಅದನ್ನು ಅಕ್ಷರ ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿದ್ದ. ಅವನ ಗೆಳೆಯ ಕ್ರಿಸ್ಟೋಫರ್ ರೆನ್ ಅದೇ ವರ್ಷ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಲು ಶುರುಮಾಡಿದ. 1666ರ ಬೆಂಕಿಯಲ್ಲಿ ಹಳೆಯದು ಹಾಳಾಗಿತ್ತು. ಸೇಂಟ್ ಪಾಲ್ಸ್‌ನಲ್ಲಿ ಕಾಣುವ ಗುಮ್ಮಟಗಳು ಎರಡು, ಭಾರ ಹೊರುವುದು ಕಾಣದ ಮೂರನೆಯದು. ಒಳಗೆ ನಿಂತವರಿಗೆ ಕಾಣುವುದು ತಗ್ಗಿನ ಇಟ್ಟಿಗೆ ಗುಮ್ಮಟ. ಊರಿನವರಿಗೆ ದೂರದಿಂದ ಕಾಣುವುದು ಮರದ ಚೌಕಟ್ಟಿಗೆ ಸೀಸದ ತಗಡು ಹೊದಿಸಿದ ಎತ್ತರದ ಗುಮ್ಮಟ. ಇವೆರಡರ ನಡುವೆ ಅರ್ಧ ಮೀಟರೂ ದಪ್ಪವಿಲ್ಲದ ಇಟ್ಟಿಗೆಯ ಶಂಕು ಇದೆ. ನೆತ್ತಿಯ ನೂರಾರು ಟನ್ ಕಲ್ಲಿನ ಗೋಪುರವನ್ನು ಹೊತ್ತಿರುವುದು ಆ ಶಂಕು. ಅದರ ಬುಡಕ್ಕೆ ಕಬ್ಬಿಣದ ಸರಪಳಿ ಬಿಗಿದಿದೆ. ನಡುವೆ ಭಾರ ಕಟ್ಟಿ ತೂಗುಬಿಟ್ಟ ಸರಪಳಿಯನ್ನು ತಲೆಕೆಳಗು ಮಾಡಿದರೆ ಬರುವ ಆಕಾರಕ್ಕೆ ಶಂಕು ಹತ್ತಿರವಾದದ್ದು. ಅದಕ್ಕೇ ಅಷ್ಟು ತೆಳುವಾದರೂ ನಿಂತಿದೆ.

ಅಲ್ಲಿ 257 ಮೆಟ್ಟಿಲು ಏರಿದರೆ ವಿಸ್ಪರಿಂಗ್ ಗ್ಯಾಲರಿ. ದುಂಡು ಗೋಡೆಗೆ ಮುಖ ಹತ್ತಿರವಿಟ್ಟು ಪಿಸುಗುಟ್ಟಿದ್ದು ಎದುರು ಬದಿಯ ಗೋಡೆಯ ಬಳಿ ನಿಂತವರಿಗೆ ಕೇಳುತ್ತದೆ. ಧ್ವನಿ ಗೋಡೆಗೆ ಅಂಟಿಕೊಂಡು ಹರಿಯುತ್ತದೆಂದು ಭೌತವಿಜ್ಞಾನಿ ಲಾರ್ಡ್ ರೇಲಿ ವಿವರಿಸಿದ್ದ. 1921ರಲ್ಲಿ ಲಂಡನ್ನಿಗೆ ಹೋಗಿದ್ದ ಸಿ.ವಿ. ರಾಮನ್, ಸದರ್ಲ್ಯಾಂಡ್ ಎಂಬ ಜೊತೆಗಾರನೊಂದಿಗೆ ಅಲ್ಲಿಯೇ ಪ್ರಯೋಗ ಮಾಡಿ, ಆ ಧ್ವನಿಯ ತೀವ್ರತೆಯಲ್ಲಿ ರೇಲಿಯ ವಿವರಣೆಗೆ ನಿಲುಕದ ಏರಿಳಿತಗಳಿವೆ ಎಂದು ತೋರಿಸಿದರು. ಈ ಗ್ಯಾಲರಿಯನ್ನು ಆಗಾಗ ಮುಚ್ಚಿರುತ್ತಾರೆ, ಹೋಗುವ ಮುಂಚೆ ವಿಚಾರಿಸಿಕೊಳ್ಳಬೇಕು.

ವ್ಯಾಟಿಕನ್ನಿನ ಗುಮ್ಮಟ ಮುಗಿದ ಮೇಲೆ, ಲಂಡನ್ನಿನದು ಶುರುವಾಗುವ ಮುಂಚೆ, ವಿಜಯಪುರದಲ್ಲಿ ಇನ್ನೊಂದು ಉತ್ತರ ಸಿದ್ಧವಾಯಿತು. 1627ರಿಂದ 1656ರವರೆಗೆ ಆಳಿದ ಮೊಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಳಗುಮ್ಮಟವನ್ನು ವಿದೇಶ ಸುತ್ತಿ ಬಂದ ಮೇಲೆ ನೋಡಿದರೆ ಅದರ ಎತ್ತರ ತಿಳಿಯುತ್ತದೆ. ಎತ್ತರವೆಂದರೆ ಮೀಟರಿನದಲ್ಲ, ಬುದ್ಧಿಯದು. ಒಳಗಿನ ಚೌಕ ಬದಿಗೆ 41 ಮೀಟರ್, ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಹಾಗಿಯಾ ಸೋಫಿಯಾ, ಸೆಲಿಮಿಯೆ, ಸೇಂಟ್ ಪಾಲ್ಸ್ ಮೂರಕ್ಕಿಂತಲೂ ಇದು ದೊಡ್ಡದು. ಅಗಲದಲ್ಲಿ ಪ್ಯಾಂಥಿಯನ್ ಮುಂದಿದ್ದರೂ ಒಂದೇ ಗುಮ್ಮಟದ ಕೆಳಗಿನ ನೆಲದ ವಿಸ್ತಾರದಲ್ಲಿ ವಿಜಯಪುರವೇ ಮುಂದು. ಆದಿಲ್ ಶಾಹಿ ವಂಶದ ಮೂಲಪುರುಷ ಯೂಸುಫ್ ಆಟೊಮನ್ ಸುಲ್ತಾನನ ಮಗನೆಂದು ವಿಜಯಪುರದ ಆಸ್ಥಾನದಲ್ಲಿದ್ದ ಚರಿತ್ರಕಾರ ಫೆರಿಸ್ತಾ ಬರೆದಿದ್ದಾನೆ. ಇತಿಹಾಸಕಾರರು ಅದನ್ನು ಒಪ್ಪುವುದು ಕಡಿಮೆ. ಕಟ್ಟಡ ನೋಡಿದರೆ ಇಸ್ತಾಂಬುಲಿನ ನಕಲು ಎಲ್ಲಿಯೂ ಇಲ್ಲ.

ಇಲ್ಲಿ ಅರ್ಧಗುಮ್ಮಟದ ಆಸರೆಯಿಲ್ಲ, ಕಬ್ಬಿಣದ ಸುತ್ತುಪಟ್ಟಿಯನ್ನೂ ನೆಚ್ಚಿಲ್ಲ. ನಾಲ್ಕು ಗೋಡೆಗಳಿಂದ ಎಂಟು ದೊಡ್ಡ ಕಮಾನುಗಳು ಎದ್ದು ಗಾಳಿಯಲ್ಲಿ ಒಂದನ್ನೊಂದು ಹಾಯುತ್ತವೆ. ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿ ಇಟ್ಟು ಗೆರೆ ಎಳೆದಂತೆ, ಅವು ನಡುವೆ ಎಂಟು ಮೂಲೆಯ ಜಾಗ ಬಿಡುತ್ತವೆ. ಅದರ ಮೇಲೆ ವೃತ್ತ ಸಲೀಸಾಗಿ ಕೂರುತ್ತದೆ. ಈ ಕಮಾನುಗಳು ಚೌಕದ ಅಂಚಿನಿಂದ ಒಳಕ್ಕೆ ಚಾಚಿಕೊಂಡಿರುವುದರಿಂದ ಅವುಗಳ ಮೇಲಿನ ನೂರಾರು ಟನ್ ಕಟ್ಟಡ ಗೋಡೆಗಿಂತ ಒಳಗೆ ತೂಗುತ್ತದೆ. ಗುಮ್ಮಟ ಹೊರಕ್ಕೆ ತಳ್ಳಿದರೆ ಈ ತೂಕ ಒಳಕ್ಕೆ ಎಳೆಯುತ್ತದೆ, ಎರಡೂ ಒಂದನ್ನೊಂದು ತಡೆಯುತ್ತವೆ. ಹತ್ತೊಂಬತ್ತನೆಯ ಶತಮಾನದ ವಾಸ್ತು ಚರಿತ್ರಕಾರ ಜೇಮ್ಸ್ ಫರ್ಗುಸನ್ ಬೆರಗಾದದ್ದು ಇದಕ್ಕೇ. ಉಳಿದೂರಿನವರು ಹೊರಗೆ ಹುಡುಕಿದ ಆಸರೆಯನ್ನು ಇವರು ಒಳಗೇ ಕಂಡುಕೊಂಡರು. ಹೊರಗೆ ಕಾಣುವ ನಾಲ್ಕು ಮೂಲೆಯ ಏಳಂತಸ್ತಿನ ಗೋಪುರಗಳು ಮೇಲೆ ಹತ್ತುವ ದಾರಿ. ಮೂರು ಮೀಟರ್ ದಪ್ಪದ ಗೋಡೆಯೇ ಅಷ್ಟು ದೊಡ್ಡ ಕಟ್ಟಡಕ್ಕೆ ಸಾಕಾಗಿದೆ.

ಗುಮ್ಮಟದೊಳಗಿನ ವಿಸ್ಪರಿಂಗ್ ಗ್ಯಾಲರಿ ಎಂದು ಎಲ್ಲರೂ ಹತ್ತಿ ಕೂಗಿ ಬರುವ ಜಾಗವೂ ಈ ಉಪಾಯದ ಕೊಡುಗೆಯೇ. ಗುಮ್ಮಟದ ಬುಡದ ಒಳಗೆ ಕಮಾನುಗಳ ತಲೆಯ ಮೇಲೆ ಉಳಿದ, ಮೂರು ಮೀಟರ್‌ಗೂ ಮಿಕ್ಕಿದ ಅಗಲದ ಉಂಗುರದ ಜಗಲಿಯದು. ಅಲ್ಲಿ ನಿಂತವರು ಕೂಗುವ ಮುಂಚೆ ಕಟಕಟೆಯ ಹತ್ತಿರ ಬಂದು ಕೆಳಗೆ ನೋಡಿದರೆ ತಾವು ನಿಂತಿರುವ ಭಾರ ಗೋಡೆಯಿಂದ ಎಷ್ಟು ಒಳಕ್ಕೆ ಚಾಚಿದೆಯೆಂದು ತಿಳಿಯುತ್ತದೆ. ಶಾಲಾ ಮಕ್ಕಳ ಬಸ್ಸುಗಳು ಬರುವ ಮುಂಚೆ, ಬಾಗಿಲು ತೆಗೆದ ಕೂಡಲೇ ಹೋಗುವುದು ಕ್ಷೇಮ, ಗದ್ದಲದಲ್ಲಿ ಪಿಸುಮಾತು ಕೇಳುವುದಿಲ್ಲ. ಕತ್ತಲೆಯಲ್ಲಿ ಕಮಾನುಗಳ ಜಾಲ ಸರಿಯಾಗಿ ಬಿಡಿಸಿಕೊಳ್ಳದಿದ್ದರೆ ಅದೇ ಊರಿನ ಜಾಮಿ ಮಸೀದಿಗೆ ಹೋಗಬೇಕು. ಮೊದಲನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಆರಂಭವಾದ ಆ ಮಸೀದಿಯ ನಡುಗುಮ್ಮಟದ ಕೆಳಗೆ ಇದೇ ಎಂಟು ಕಮಾನುಗಳ ಹೆಣಿಗೆ ಇದೆ. ಅಳತೆ ಚಿಕ್ಕದು, ಸುಣ್ಣ ಬಳಿದ ಮೈ ಬೆಳ್ಳಗಿದೆ, ಬದಿಗಳಿಂದ ಬೆಳಕು ಬರುತ್ತದೆ. ಕಮಾನುಗಳು ಎಲ್ಲಿ ಎದ್ದು ಎಲ್ಲಿ ಹಾಯುತ್ತವೆಂದು ನೆಲದಲ್ಲಿ ನಿಂತೇ ಒಂದೊಂದಾಗಿ ಎಣಿಸಬಹುದು.